ಹಗೇವಿನೊಳಗೆ ಬಾರಿಸದ ಗಂಟೆ

1948ರಲ್ಲಿ ನಾನು ಭಾಲ್ಕಿಯ ಸರಕಾರಿ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ಹೈದರಾಬಾದಿನಲ್ಲಿ ಓದು ಮುಗಿಸಿ ಬಂದಿದ್ದ ನನಗೆ ಗಾಳಿ ಎಂದರೆ ಪುಸ್ತಕದ ಒಂದು ಅಧ್ಯಾಯ, ಅಷ್ಟೆ. ಭಾಲ್ಕಿಯಲ್ಲಿ ರೋಗಿಗಳು ಗಾಳಿ ತಿರುಗಿದ ಹಾಗೆ ಬರುತ್ತಿದ್ದರು. ಸುಗ್ಗಿಯಲ್ಲಿ ಜೋಳ ತೂರಿದ ದೂಳು ಕುಡಿದು ಕೆಮ್ಮುವವರು, ಬೇಸಿಗೆಯಲ್ಲಿ ಝಳ ಬಡಿದವರು, ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆಗೆ ಕಣ್ಣು ಕೆಂಪಾದ ಹೆಂಗಸರು. ಆಗೊಮ್ಮೆ ಈಗೊಮ್ಮೆ ಹಗೇವಿನ ಗಾಳಿ ಹೊಡೆದವರನ್ನೂ ಬಂಡಿಯಲ್ಲಿ ಹಾಕಿಕೊಂಡು ತರುತ್ತಿದ್ದರು. ಅವರು ನನ್ನ ಕೈಗೆ ಸಿಗುವ ಹೊತ್ತಿಗೆ ಮಾಡುವುದು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಹಗೇವು ಎಂದರೆ ನೆಲದಲ್ಲಿ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಅಗಲ. ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಹಾಕಿ, ಮಣ್ಣು ಮೆತ್ತಿಬಿಟ್ಟರೆ ಅಲ್ಲೊಂದು ಹಗೇವಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಕರಿಮಣ್ಣು ನೀರು ಕುಡಿದು, ತಳದ ಹುಲ್ಲು ಮತ್ತು ಉಳಿದ ಕಾಳು ಬೂಸಲು ಹಿಡಿದಾಗ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ನಮ್ಮ ರೈತರಿಗೆ ಈ ಹೆಸರು ಗೊತ್ತಿರಲಿಲ್ಲ, ಗಾಳಿ ಗೊತ್ತಿತ್ತು. ಬಾಯಿ ತೆಗೆದು ಕಾಯುತ್ತಿದ್ದರು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉಳಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ.

ಆ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಡಳಿತ ಮುಗಿಯಿತು. ಅಲ್ಲಿಯವರೆಗೆ ಒಂದು ಕಡೆಯವರ ಹಾವಳಿ ಕಂಡಿದ್ದ ಸೀಮೆ ಆಮೇಲೆ ಇನ್ನೊಂದು ಕಡೆಯ ಸೇಡನ್ನು ಕಂಡಿತು. ಸೇಡು ತಪ್ಪು ಮಾಡಿದವರ ಮನೆಗಷ್ಟೇ ಹೋಗಲಿಲ್ಲ. ಒಂದು ಬೆಳಿಗ್ಗೆ ಔರಾದಿನಿಂದ ಮಿಲಿಟರಿ ಟ್ರಕ್ಕು ಬಂದು ನನ್ನನ್ನು ಡಾಬಕಾ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಯಿತು. ಔರಾದಿನಲ್ಲಿ ಆಗ ಡಾಕ್ಟರು ಇರಲಿಲ್ಲ. ಜಿಟಿಜಿಟಿ ಮಳೆ ಹಿಡಿದುಕೊಂಡೇ ಇತ್ತು. ಟ್ರಕ್ಕು ದಾರಿಯ ಕೆಸರಿನಲ್ಲಿ ಹೂತುಕೊಂಡಾಗಲೆಲ್ಲ ಇಳಿದು ದಬ್ಬಿದೆವು.

ಸತ್ತಿದ್ದವನು ಪಿಂಜಾರರ ಮೌಲಾಸಾಬ. ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುವವನು, ಯಾರ ತಂಟೆಗೂ ಹೋದವನಲ್ಲ. ಅವನನ್ನು ಕೊಂದ ಎಂದು ಹಿಡಿದು ಕೂರಿಸಿದ್ದು ಮಾಳಪ್ಪನನ್ನು. ಕುರಿ ಸಾಕಿಕೊಂಡು ಹೊಲ ಮಾಡುತ್ತಿದ್ದ ನೆರೆಮನೆಯವನು. ಮಾಳಪ್ಪ ತಾನಾಗಿಯೇ ಔರಾದಿನ ಫೌಜಿ ಠಾಣ್ಯಕ್ಕೆ ಹೋಗಿ, ನಮ್ಮ ಹಗೇವಿನಲ್ಲಿ ಮೌಲಾಸಾಬ ಸತ್ತಿದ್ದಾನೆ ಎಂದು ಹೇಳಿದ್ದ. ಅದೇ ಅವನಿಗೆ ಉರುಳಾಗಿತ್ತು.

ಅವನು ಹೇಳಿದ್ದು ಹೀಗೆ. ಸೇಡಿಗೆ ಹೊರಟ ಗುಂಪು ಬರುತ್ತಿದೆ ಎಂಬ ಸುದ್ದಿ ಬಂದಾಗ ಮೌಲಾಸಾಬನ ಹೆಂಡತಿ ಹಲೀಮಾಬಿಯನ್ನು ತನ್ನ ಮನೆಯ ಹೆಂಗಸರ ನಡುವೆ ಕೂರಿಸಿ, ಮೌಲಾಸಾಬನನ್ನು ಖಾಲಿಯಾಗಿದ್ದ ಹಗೇವಿಗೆ ಇಳಿಸಿದ.

"ದೀಪ ಬಿಟ್ಟು ನೋಡ್ದೆರಿ, ಆರಲಿಲ್ರಿ. ಮೊದ್ಲ ನಾನೇ ಇಳದು ನಿಂತು ನೋಡ್ದೆರಿ. ಆಮ್ಯಾಲ ಆತನ್ನ ಇಳ್ಸಿ ಕುರಿ ಗಂಟಿ ಕೊಟ್ಟೇನ್ರಿ. ದಮ್ಮು ಕಟ್ಟಿದ್ರ ಬಾರ್ಸು, ಯಾರರೆ ಇರ್ಲಿ, ಕಲ್ಲು ತೆಗೀತೇನಿ ಅಂದೇನ್ರಿ."

ಪಕ್ಕದಲ್ಲೇ ಕುರಿಗಳ ಹಟ್ಟಿ. ಅಲ್ಲಿ ಗಂಟೆ ಕೇಳಿಸಿದರೆ ಯಾರಿಗೂ ಸಂಶಯ ಬರುವುದಿಲ್ಲ ಎಂಬುದು ಅವನ ಎಣಿಕೆ. ಹಗೇವಿನ ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದ. ಗುಂಪು ಬಂತು, ಊಟಕ್ಕೆ ಹಾಕು ಎಂದಿತು, ಅವನ ಅಂಗಳದಲ್ಲೇ ಠಿಕಾಣಿ ಹೂಡಿತು. ಮಾಳಪ್ಪ ಚಪ್ಪಡಿಯ ಮೇಲೆ ಕಂಬಳಿ ಹಾಸಿಕೊಂಡು ಇಡೀ ದಿನ ಕೂತ. ಗಂಟೆ ಕೇಳಲಿಲ್ಲ. ಅವರು ಹೋದ ಮೇಲೆ ತೆಗೆದು ನೋಡಿದರೆ ಮೌಲಾಸಾಬ ಗೋಡೆಗೆ ಒರಗಿ ಕೂತಲ್ಲೇ ಹೋಗಿದ್ದ.

ತನಿಖೆಗೆ ಬಂದ ಫೌಜಿ ಅಧಿಕಾರಿ ಬಹಳ ದೂರದ ಸೀಮೆಯವನು, ಚುರುಕಿನ ಮನುಷ್ಯ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಹಗೇವಿಗೆ ಇಳಿದ ಅವನ ಸಿಪಾಯಿ ತಲೆ ತಿರುಗಿ ಮೇಲೆ ಬಂದಿದ್ದ. ಒಳಗೆ ಗಂಟೆ ಕಂಡಿರಲಿಲ್ಲ. ಅಧಿಕಾರಿ ನನ್ನನ್ನು ಹಿಂದೂಸ್ತಾನಿಯಲ್ಲಿ ಕೇಳಿದ:

"ಒಳಗಿನ ಗಾಳಿ ಕೊಲ್ಲುತ್ತದೆ ಅಂತ ಇಲ್ಲಿನ ಪ್ರತಿಯೊಬ್ಬನಿಗೂ ಗೊತ್ತು. ಇವನಿಗೂ ಗೊತ್ತು. ಗಂಟೆ ಕೊಟ್ಟಿದ್ದೆ ಅಂತಾನೆ, ಬಾರಿಸಲಿಲ್ಲ ಅಂತಾನೆ. ಉಸಿರುಕಟ್ಟಿ ಸಾಯುವವನು ಸುಮ್ಮನೆ ಕೂರುತ್ತಾನೆಯೇ, ಡಾಕ್ಟರ್?"

ಆಗ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವನ ಜಾಗದಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ ಎನಿಸುತ್ತದೆ.

ಮೇಲೆತ್ತಿ ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದ ಹೆಣ ನೋಡಲು ಕೂತೆ. ಹಲೀಮಾಬಿ ಹೊರಗೆ ಹೋಗಲು ಒಪ್ಪಲಿಲ್ಲ, ಗಂಡನ ತಲೆಯ ಹತ್ತಿರ ಕೂತಳು. ಮೈಮೇಲೆ ಗಾಯವಿರಲಿಲ್ಲ, ಕುತ್ತಿಗೆಯಲ್ಲಿ ಗುರುತಿರಲಿಲ್ಲ. ದೀಪ ಉಳಿದದ್ದು ಬಾಯಿ ತೆರೆದಿದ್ದಾಗ. ಮಣ್ಣು ಮೆತ್ತಿದ ಮೇಲೆ ತಳದಲ್ಲಿ ಉಳಿದು ಕೊಳೆತ ಕಾಳು, ಹುಲ್ಲು ಮತ್ತು ಅವನದೇ ಉಸಿರು ಸೇರಿ ಗಾಳಿ ಕೆಟ್ಟಿತ್ತು. ಹಗೇವಿಗೆ ಇಳಿದು ಹತ್ತುವ ಪಾಠ ನಮ್ಮವರಿಗೆ ಬಾಯಿಪಾಠವಾಗಿತ್ತು, ಮುಚ್ಚಿದ ಹಗೇವಿನಲ್ಲಿ ಕೂತಿರುವ ಪಾಠ ಯಾರಿಗೂ ಬೇಕಾಗಿರಲಿಲ್ಲ. ಅಂಗಿ ಬಿಚ್ಚಿದಾಗ ಒಳಜೇಬಿನಲ್ಲಿ ಗಂಟೆ ಸಿಕ್ಕಿತು. ಅದರೊಳಗೆ ಬಟ್ಟೆ ತುರುಕಿತ್ತು. ತಲೆಗೆ ಸುತ್ತಿಕೊಂಡಿದ್ದ ರುಮಾಲಿನ ಅಂಚನ್ನು ಹರಿದು, ನಾಲಿಗೆ ಅಲುಗದಂತೆ ಗಟ್ಟಿಯಾಗಿ ತುಂಬಿದ್ದ.

ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಮನುಷ್ಯನಿಗೆ ತಿಳಿಯದೆ ಹೋಗುವುದಿಲ್ಲ. ತಲೆ ಸಿಡಿಯುತ್ತದೆ, ಏದುಸಿರು ಬರುತ್ತದೆ, ಮೈ ತಾನಾಗಿಯೇ ಗಾಳಿಗೆ ಒದ್ದಾಡುತ್ತದೆ. ಆ ಒದ್ದಾಟದಲ್ಲಿ ಕೈ ಗಂಟೆಗೆ ಹೋದೀತೆಂದು ಮೌಲಾಸಾಬ ಮೊದಲೇ ಅದರ ಬಾಯಿ ಕಟ್ಟಿದ್ದ.

"ಯಾಕ ಹಿಂಗ ತುಂಬ್ಯಾರ್ರಿ ಇದನ್ನ?" ಎಂದು ಹಲೀಮಾಬಿ ಕೇಳಿದಳು. ನನಗೆ ತೋಚಿದ್ದನ್ನು ಹೇಳಿದೆ. ಅವಳು ಅಳಲಿಲ್ಲ. ಗಂಟೆಯನ್ನು ಕೈಗೆ ತೆಗೆದುಕೊಂಡು ಅಂದಳು:

"ಮ್ಯಾಲಿನ ಮಂದಿ ದನಿ ಕೇಳ್ಸಿರಬೇಕ್ರಿ. ಕಲ್ಲು ತೆಗದ್ರ ಮಾಳಪ್ಪಣ್ಣನ ಮನಿ ಉಳೀತಿರ್ಲಿಲ್ರಿ. ಅವ್ನ ಮಕ್ಳೂ ಮನ್ಯಾಗಿದ್ವು, ನಾನೂ ಇದ್ದೆ." ಬಟ್ಟೆಯ ತುಂಡನ್ನು ಎಳೆದು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. "ಸರಕಾರಕ್ಕ ಹೇಳಬೇಕಾದ್ರ ಹೇಳ್ರಿ ಸಾಹೇಬ್ರ. ಮಾಳಪ್ಪಣ್ಣಗ ಮಾತ್ರ ಹೇಳಬ್ಯಾಡ್ರಿ. ಗೊತ್ತಾದ್ರ ಆತ ಅನ್ನಾ ಉಣ್ಣೂದಿಲ್ರಿ."

ಅಧಿಕಾರಿಯನ್ನು ಒಳಗೆ ಕರೆದು, ಅವನೊಬ್ಬನಿಗೇ ಎಲ್ಲವನ್ನೂ ವಿವರಿಸಿದೆ. ಗಂಟೆ ಸಿಕ್ಕಿದ್ದರಿಂದ ಮಾಳಪ್ಪನ ಮಾತು ನಿಜವಾಯಿತು, ಬಟ್ಟೆಯಿಂದ ಅಧಿಕಾರಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಲೀಮಾಬಿ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅವನು ರುಮಾಲಿನ ಹರಿದ ಅಂಚಿಗೆ ಅದನ್ನು ತಾನೇ ಹೊಂದಿಸಿ ನೋಡಿದ, ಹೊರಗೆ ಹೋಗಿ ಮಾಳಪ್ಪನ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿಸಿದ. ಗಾಳಿಯಿಂದ ಸಾವು, ಯಾರ ಕೈಯೂ ಇಲ್ಲ ಎಂದು ನಾನು ಬೀದರಿಗೆ ಬರೆದ ವರದಿಯನ್ನು ಯಾರೂ ಪ್ರಶ್ನಿಸಲಿಲ್ಲ.

ಬಿಡುಗಡೆಯಾದ ಸಂತೋಷ ಮಾಳಪ್ಪನ ಮುಖದಲ್ಲಿ ಕಾಣಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ನಾನು ಟ್ರಕ್ಕು ಹತ್ತುವಾಗ ಬಂದು ಎದುರು ನಿಂತ.

"ನಾ ಮ್ಯಾಲೇ ಕುಂತಿದ್ದೇನ್ರಿ ಸಾಹೇಬ್ರ. ಯಾಕ ಬಾರಿಸ್ಲಿಲ್ರಿ ಆತ?"

ಸುಳ್ಳು ಹೇಳಿ ನನಗೆ ರೂಢಿಯಿರಲಿಲ್ಲ. "ನಿದ್ದೆ ಹತ್ತಿರಬೇಕು. ಗೊತ್ತೇ ಆಗಿರಲಿಕ್ಕಿಲ್ಲ" ಎಂದೆ. ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಮಾಳಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ನಂಬಿರಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ಹಲೀಮಾಬಿ ಗದರುವ ದನಿಯಲ್ಲಿ ಅಂದಳು:

"ಅವರ ನಿದ್ದಿ ನಿನಗ ಗೊತ್ತಿಲ್ಲೇನಣ್ಣಾ? ಹಿಂಜೂ ಬಿಲ್ಲ ಕೈಯಾಗ ಇದ್ರೂ ತೂಕಡಸ್ತಿದ್ರು. ಅದಕ್ಕ ನೀನೇ ನಗ್ತಿದ್ದಿ."

ಮಾಳಪ್ಪ ಅಲ್ಲೇ ಕುಕ್ಕರಿಸಿ ಕೂತು ಅತ್ತ. ಹಿಂದಿನ ದಿನದಿಂದ ಅವನು ಅತ್ತಿದ್ದು ಅದೇ ಮೊದಲು ಎಂದು ಮನೆಯವರು ಹೇಳಿದರು.

ಅವರಿಬ್ಬರೂ ಈಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾವಿನ ಕಾರಣ ಹುಡುಕಿ ಹೇಳುವುದು ಡಾಕ್ಟರನ ಕೆಲಸ ಎಂದು ನನಗೆ ಕಲಿಸಿದ್ದರು, ಆ ಕೆಲಸವನ್ನು ನಾನು ಸರಿಯಾಗಿಯೇ ಮಾಡಿದೆ. ಉಳಿದವನು ಬದುಕಬೇಕಲ್ಲ, ಅದೂ ನೋಡಬೇಕಾದ ಕೆಲಸವೇ ಎಂದು ಕಲಿಸಿದವಳು ಹಲೀಮಾಬಿ. ಗಂಡನನ್ನು ಕಳೆದುಕೊಂಡವಳು ಅವಳು. ಆ ದಿನ ರೋಗಿ ಯಾರೆಂದು ಅವಳಿಗೆ ನನಗಿಂತ ಮೊದಲು ಗೊತ್ತಾಗಿತ್ತು.