ಅಕ್ಕನ ಜೀಪಿನ ವೈಪರ್ ಮೋಟರ್

ಅಕ್ಕ ಬ್ರೇಕ್ ಒತ್ತಿದ್ದನ್ನೂ ಅವಳ ಹಣೆ ಹೋಗಿ ಮೋಟರಿಗೆ ಬಡಿದದ್ದನ್ನೂ ನಾನು ಪಕ್ಕದಲ್ಲೇ ಕೂತು ನೋಡಿದೆ. ಹೋದ ಮಳೆಗಾಲದ ಮಾತು. ಮುನವಳ್ಳಿಯಿಂದ ಸವದತ್ತಿಗೆ ಮಳೆಯಲ್ಲಿ ಹೊರಟಿದ್ದೆವು. ಜಾಲಿಗಿಡಗಳ ಸಂದಿಯಿಂದ ಎಮ್ಮೆಯೊಂದು ಒಮ್ಮೆಲೇ ರಸ್ತೆಗೆ ಇಳಿಯಿತು. ಜೀಪು ನಿಂತಿತು, ಎಮ್ಮೆ ಉಳಿಯಿತು. ಅಕ್ಕ ಮೊದಲು ಎಂಜಿನ್ ಆರಿಸಿದಳು, ಹ್ಯಾಂಡ್‌ಬ್ರೇಕ್ ಎಳೆದಳು, ಆಮೇಲೆ ಹಣೆಗೆ ಕೈ ಹಚ್ಚಿದಳು. ಬೆರಳ ಸಂದಿಯಿಂದ ರಕ್ತ ಹುಬ್ಬಿಗೆ ಇಳಿಯುತ್ತಿತ್ತು.

"ಎಮ್ಮಿಗೆ ಏನೂ ಆಗಿಲ್ಲಲ್ಲ?" ಎಂದಳು.

ಎಮ್ಮೆ ಆಚೆ ಬದಿಯಲ್ಲಿ ನಿಂತು ನಮ್ಮ ಕಡೆಗೇ ನೋಡುತ್ತಿತ್ತು.

ಅದು ನಮ್ಮ ಅಪ್ಪ ಹರಾಜಿನಲ್ಲಿ ಹಿಡಿದು ತಂದ ಹಳೆಯ ಜೀಪು. ಅದರ ವೈಪರ್ ಮೋಟರ್ ಮುಂದಿನ ಗಾಜಿನ ಚೌಕಟ್ಟಿನ ಮೇಲಂಚಿಗೆ, ಒಳಗಡೆ, ಸರಿಯಾಗಿ ಓಡಿಸುವವರ ಹಣೆಯ ಎದುರು ಇತ್ತು. ತೆಂಗಿನ ಚಿಪ್ಪಿನಷ್ಟು ದೊಡ್ಡ ಕಬ್ಬಿಣದ ಡಬ್ಬಿ. ಎಡಗಡೆಯ ವೈಪರಿಗೆ ಮೋಟರೇ ಇಲ್ಲ. ಅಲ್ಲಿ ಕೂತವರು ಒಂದು ಹಿಡಿಕೆ ಹಿಡಿದು ಕೈಯಿಂದ ಆಡಿಸಬೇಕು. ಎಮ್ಮೆ ಬಂದಾಗ ನಾನು ಅದನ್ನೇ ಮಾಡುತ್ತಿದ್ದೆ. ಅಪ್ಪ ಎತ್ತರದ ಆಳು, ಹಿಂದಕ್ಕೆ ಒರಗಿ ಓಡಿಸುತ್ತಿದ್ದರು. ಅಕ್ಕ ಗಿಡ್ಡ. ಕಾಲು ನಿಲುಕಲೆಂದು ಸೀಟು ಮುಂದೆ ತಂದುಕೊಂಡಿದ್ದಳು. ಅವಳ ಹಣೆಗೂ ಮೋಟರಿಗೂ ನಡುವೆ ಇದ್ದದ್ದು ಒಂದು ಗೇಣು.

ಸವದತ್ತಿಯಲ್ಲಿ ಹೊಲಿಗೆ ಹಾಕಿಸಿ ಮನೆ ಮುಟ್ಟಿದಾಗ ಮಾವ, ಅಂದರೆ ಅಕ್ಕನ ಗಂಡ, ಅವಳ ಹಣೆಯ ಪಟ್ಟಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಮುನವಳ್ಳಿಯಲ್ಲಿ ಅವರಿಬ್ಬರದು ನರ್ಸರಿ. ಮೆಣಸಿನ, ಟೊಮೆಟೊ ಅಗಿ, ಎಂದರೆ ನಾಟಿಯ ಎಳೆ ಸಸಿ, ಬೆಳೆಸುವುದು ಮಾವನ ಕೆಲಸ. ಟ್ರೇಗಳನ್ನು ಜೀಪಿಗೆ ಹೇರಿಕೊಂಡು ಬೈಲಹೊಂಗಲದಿಂದ ರಾಮದುರ್ಗದವರೆಗೆ ಹೊಲಗಳಿಗೆ ಮುಟ್ಟಿಸುವುದು ಅಕ್ಕನ ಕೆಲಸ. ಮಾವನಿಗೆ ಬೈಕ್ ಬಿಟ್ಟರೆ ಬೇರೆ ಗಾಡಿ ಬಾರದು.

"ಇನ್ನ ಸಾಕು. ಕಿತ್ತೂರಿನವರು ಕೇಳಾಕತ್ತಾರ, ಕೊಟ್ಟಬಿಡೂಣು" ಎಂದರು ಮಾವ.

ಕಿತ್ತೂರಿನಲ್ಲಿ ಹಳೆಯ ಗಾಡಿಗಳನ್ನು ಕೂಡಿಸಿ ಇಡುವವರೊಬ್ಬರಿದ್ದಾರೆ. ಹಿಂದೊಮ್ಮೆ ಬಂದು ಜೀಪಿನ ಸುತ್ತ ತಿರುಗಿ, ತಗಡಿನ ಮೇಲೆ ಕೈಯಾಡಿಸಿ, ಎಲ್ಲೂ ಹೊಸದೊಂದು ತೂತು ಬಿದ್ದಿಲ್ಲ, ಹೀಗೇ ಇದ್ದರೆ ಮಾತ್ರ ತನಗೆ ಬೇಕು ಎಂದು ಹೇಳಿ ಹೋಗಿದ್ದರು. ಮಾವ ನನ್ನ ಮುಖ ನೋಡಿದರು. ಕೊಡುವುದೇ ಒಳ್ಳೆಯದು ಎಂದೆ. ಆ ರಕ್ತ ಕಂಡಮೇಲೆ ಬೇರೆ ಮಾತು ನನಗೆ ಹೊಳೆಯಲಿಲ್ಲ.

ಅಕ್ಕ ಕೂಗಾಡಲಿಲ್ಲ. "ಜೀಪ್ ಹೋದ್ರ ನಾ ಟಂಟಂ ರಿಕ್ಷಾದಾಂವಗ ಫೋನ್ ಹಚ್ಚಿ ಕುಂದರಬೇಕು. ಅಂವ ಬಂದಾಗ ಅಗಿ ಹೋಗಬೇಕು, ಬರಲಿಲ್ಲಂದ್ರ ಬಾಡಬೇಕು. ಹಣಿ ಬಡದದ್ದು ಮೋಟರಿಗೆ. ಮೋಟರ್ ಜಾಗಾ ಬಿಡಲಿ, ನಾ ಯಾಕ ಬಿಡ್ಲಿ?" ಎಂದಳು.

ಹೊಲಿಗೆ ಬಿಚ್ಚಿದ ಮೇಲೆ ಅವಳೇ ಓಡಿಸಿಕೊಂಡು ಬೈಲಹೊಂಗಲದ ಗ್ಯಾರೇಜಿಗೆ ಹೊರಟಳು. ನಾನು ಜತೆಗೆ ಹೋದೆ. ದಾರಿಯುದ್ದಕ್ಕೂ ನನ್ನ ಎರಡೂ ಕೈ ಮುಂದಿನ ಕಂಬಿಯನ್ನು ಹಿಡಿದೇ ಇದ್ದವು.

ಅಲ್ಲಿಯ ಮಿಸ್ತ್ರಿ ಅಪ್ಪನ ಕಾಲದಿಂದ ಈ ಜೀಪು ನೋಡಿದವರು. ಮೋಟರ್ ಇಳಿಸಬಹುದು ಎಂದರು. ಗುಜರಿಯಿಂದ ಬೇರೊಂದು ಗಟ್ಟಿ ಮೋಟರ್ ತಂದು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸುವುದು, ಅಲ್ಲಿಂದ ಒಂದು ಸಲಾಕೆ ಗಾಜಿನ ಬುಡದ ತಗಡಿಗೆ ಹೊಸದಾಗಿ ಹೊಡೆದ ತೂತಿನಿಂದ ಮೇಲೆ ಬಂದು, ಗಾಜಿನ ಚೌಕಟ್ಟಿನ ಕೆಳಗಂಚಿನಲ್ಲಿ ಎರಡೂ ವೈಪರುಗಳನ್ನು ಆಡಿಸುವುದು.

"ಆದ್ರ ಒಂದು, ತಂಗೀ. ಇನ್ನ ಮ್ಯಾಲ ಗ್ಲಾಸ್ ಮಡಚಾಕ ಬರೂದಿಲ್ಲ. ಸಲಾಕಿ ಹಿಡಕೊಂಡಿರತೈತಿ."

ಗಾಜು ಮಡಚದಿದ್ದರೆ ಆಗುವಂತಿರಲಿಲ್ಲ. ಟೊಮೆಟೊಗೆ ಊರುವ ಉದ್ದನೆಯ ಬಿದಿರುಗಳನ್ನು ಅಕ್ಕ ಇದೇ ಜೀಪಿನಲ್ಲಿ ತರುತ್ತಾಳೆ. ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿ, ಗೋಣಿಚೀಲ ಹಾಸಿ, ಗಳಗಳನ್ನು ಮುಂದಕ್ಕೆ ಚಾಚಿ ಕಟ್ಟುತ್ತಾಳೆ. ಅವಳು ಬಗ್ಗಿ ಮೋಟರನ್ನೂ ತಗಡನ್ನೂ ನೋಡಿದಳು.

"ಕಾಕಾ, ಚಕ್ಕಡಿ ಗಾಲಿಗೆ ಕಡಾಣಿ ಇರತೈತಲ್ಲ? ಅದನ್ನ ಕಿತ್ತರ ಗಾಲಿ ಕಳಚತೈತಿ, ಹಾಕಿದ್ರ ನಿಂದರತೈತಿ. ಈ ಸಲಾಕಿಗೂ ಅಂಥಾದೊಂದು ಹಾಕ್ರಿ. ಬಿದರು ತರೂದಿದ್ದಾಗ ನಾ ಕಿತಗೋತೇನಿ."

ಮಿಸ್ತ್ರಿ ಸಲಾಕೆಯನ್ನು ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿದರು. "ಒಂದ ಕೆಲಸ ಮಾಡು. ನೀ ಇಲ್ಲಿ ಗ್ಯಾರೇಜ್ ನಡಸು, ನಾ ಮುನವಳ್ಳ್ಯಾಗ ಅಗಿ ಮಾರತೇನಿ."

"ನಿಮಗ ಅಗಿ ಕೊಟ್ರ ಅವಕ್ಕೂ ಆಯಿಲ್ ಹಾಕ್ತೀರಿ."

ತೂತು ಬೀಳುವ ಜಾಗವನ್ನು ಮಿಸ್ತ್ರಿ ಸೀಮೆಸುಣ್ಣದಿಂದ ಗುರುತು ಮಾಡಿದರು. ಅಷ್ಟರಲ್ಲಿ ಮಾವನ ಫೋನ್ ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು.

"ತಡೀ, ತೂತ ಹೊಡಸಬ್ಯಾಡ. ಆದಿತ್ಯವಾರ ಕಿತ್ತೂರಿನವರು ಬರತೇನಂದಾರ. ತೂತ ಬಿತ್ತಂದ್ರ ಅವರು ಒಲ್ಲೆ ಅಂತಾರ."

"ಅದಕ್ಕ ಹೊಡಸಾಕತ್ತೇನ್ರಿ" ಎಂದಳು ಅಕ್ಕ.

ಅವಳು ಫೋನನ್ನು ನನ್ನ ಕೈಗಿಟ್ಟು, ಮಿಸ್ತ್ರಿಯಿಂದ ಡ್ರಿಲ್ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಸ್ತ್ರಿ ಕೊಟ್ಟ ಕನ್ನಡಕ ಹಾಕಿಕೊಂಡು, ಗುರುತಿನ ಮೇಲೆ ಮೊನೆಯಿಟ್ಟು ಒತ್ತಿದಳು. ಅಪ್ಪನ ಕಾಲದ ದಪ್ಪ ತಗಡು, ಬೇಗ ಸೋಲಲಿಲ್ಲ. ಕೊನೆಗೆ ಬೆಳ್ಳಗಿನ ಸುರುಳಿ ಕಿತ್ತು ಬಂತು, ಡ್ರಿಲ್ ಒಳಗೆ ಇಳಿಯಿತು. ಮಾವ ಅದೆಲ್ಲ ಸದ್ದು ಕೇಳಿಸಿಕೊಂಡಿರಬೇಕು. "ಆತಾ?" ಎಂದರು. "ಆತ್ರಿ ಮಾವ" ಎಂದೆ.

ಮಿಸ್ತ್ರಿ ಮೋಟರನ್ನೂ ಸಲಾಕೆಯನ್ನೂ ಕೂರಿಸಿ ಮೊದಲ ಸಲ ಸ್ವಿಚ್ ಹಾಕಿದಾಗ ವೈಪರುಗಳು ಚೆನ್ನಾಗಿಯೇ ಆಡಿದವು. ಆರಿಸಿದಾಗ ಮಾತ್ರ ಗಾಜಿನ ನಡುವೆ ನೆಟ್ಟಗೆ ನಿಂತುಬಿಟ್ಟವು.

"ನೋಡ್ರಿ, ಚೌಕದಾಗ ಪೊಲೀಸಪ್ಪ ಕೈ ಎತ್ತಿ ನಿಂತಂಗ" ಎಂದಳು ಅಕ್ಕ.

ಮಿಸ್ತ್ರಿ ನಗುತ್ತಲೇ ಮೋಟರ್ ಬಿಚ್ಚಿ, ಅದು ನಿಲ್ಲುವ ಜಾಗವನ್ನು ತಿರುಗಿಸಿ ಜೋಡಿಸಿದರು. ಆಮೇಲೆ ಕಡ್ಡಿಗಳು ಕೆಳಗೆ ಬಂದು ಮಲಗಿದವು. ಬೆರಳಷ್ಟು ಉದ್ದದ ಕಡಾಣಿಯನ್ನು ಸಣ್ಣ ಸರಪಳಿಗೆ ಸೇರಿಸಿಕೊಟ್ಟರು, ಕಳೆಯಬಾರದೆಂದು. ನಾನು ಕೇಳಿದ್ದು ಒಂದೇ, ಸೀಟುಗಳಿಗೆ ಬೆಲ್ಟ್. ನೆಲದ ತಗಡಿನ ಕೆಳಗೆ ಪಟ್ಟಿ ಬೆಸುಗೆ ಹಾಕಿ ಅದನ್ನೂ ಕಟ್ಟಿಕೊಟ್ಟರು. ನಾನು ಪ್ರತಿ ಬೆಲ್ಟನ್ನೂ ಜಗ್ಗಿ ಜಗ್ಗಿ ನೋಡಿದೆ.

ಆ ವಾರವೇ ತೊರಗಲ್ಲಿನ ಆಚೆ, ರಾಮದುರ್ಗದ ಹತ್ತಿರದ ಹೊಲವೊಂದಕ್ಕೆ ಮೆಣಸಿನ ಅಗಿ ಮುಟ್ಟಿಸಬೇಕಿತ್ತು. ಮನೆಯಲ್ಲಿ ಅಷ್ಟು ದಿನವೂ ಮಾವ ಜೀಪಿನ ಮಾತು ಎತ್ತಿರಲಿಲ್ಲ. ಹೊರಡುವಾಗ ತಾನೂ ಬರುತ್ತೇನೆಂದು ಮುಂದೆ ಹತ್ತಿ ಕೂತು ಬೆಲ್ಟ್ ಬಿಗಿದುಕೊಂಡರು. ನಾನು ಹಿಂದೆ ಟ್ರೇಗಳ ಜತೆ. ತೊರಗಲ್ಲಿನ ಕೋಟೆ ಕಾಣುವಷ್ಟರಲ್ಲಿ ಮಳೆ ಹಿಡಿಯಿತು. ಮಾವನ ಕೈ ಗಾಜಿನ ಮೇಲಂಚಿಗೆ ಹೋಗಿ, ಹಿಡಿಕೆ ಸಿಗದೆ ಖಾಲಿ ವಾಪಸು ಬಂತು. ಅಕ್ಕ ಸ್ವಿಚ್ ಹಾಕಿದಳು. ಎರಡೂ ಕಡ್ಡಿ ಒಟ್ಟಿಗೆ ಎದ್ದು, ಒಟ್ಟಿಗೆ ನೀರು ತಳ್ಳಿದವು. ಅವಳ ಎದುರು ಈಗ ಬರೀ ಗಾಜು, ಗಾಜಿನಾಚೆ ರಸ್ತೆ. ಒಂದು ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಅವಳು ದೂರದಿಂದಲೇ ಕಂಡು ಜೀಪು ನಿಧಾನ ಮಾಡಿದಳು. ಮಾವ ಕುರಿಗಳನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದರು.

ಹೊಲ ಮುಟ್ಟಿ ಟ್ರೇ ಇಳಿಸುವಾಗ ಮಳೆ ಸಣ್ಣಗಾಗಿತ್ತು. ಮಾವನ ಫೋನ್ ಹೊಡೆದುಕೊಂಡಿತು. ಕಿತ್ತೂರಿನವರು. ಮಾವ ಜೀಪಿನ ಬಾನೆಟ್ಟಿಗೆ ಒರಗಿ, ಹೊಲದವರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಮಾತಾಡಿದರು.

"ಇಲ್ರಿ, ಕೊಡೂದಿಲ್ಲ. ತೂತ ಬಿದ್ದೈತ್ರಿ... ಗ್ಯಾರೇಜಿನವರಲ್ರಿ, ನಮ್ಮ ಮನಿಯಾಕಿ ಹೊಡದಾಳ. ಸ್ವತಾ ಕೈಲೆ. ಮೋಟರ್ ಕೆಳಗ ಇಳಿಸ್ಯಾಳ, ಎರಡೂ ಕಡೆ ವೈಪರ್ ಆಡತಾವ, ಮ್ಯಾಲ ಗ್ಲಾಸೂ ಮಡಚತೈತಿ. ಹಂತಾದ್ದು ನಿಮ್ಮ ಹತ್ತರ ಒಂದರ ಐತೇನ್ರಿ?... ನೋಡಾಕ ಬರ್ರಿ ಬೇಕಾದ್ರ, ಚಾ ಕುಡದ ಹೋಗ್ರಿ. ಕೊಡೂದು ಮಾತ್ರ ಇಲ್ಲ."

"ಭಾಷಣ ಆಮ್ಯಾಲ ಮಾಡ್ರಿ" ಎಂದು ಅಕ್ಕ ಹಿಂದಿನಿಂದ ಕೂಗಿದಳು. "ಅಗಿ ತೋಯಾಕತ್ತಾವ, ಮೊದಲ ಈ ಟ್ರೇ ಹಿಡೀರಿ."

ಮಾವ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಡಾಣಿಯ ವಿಷಯವನ್ನು ಮೊದಲಿನಿಂದ ವಿವರಿಸುತ್ತಲೇ ಟ್ರೇ ಹಿಡಿಯಲು ಬಂದರು.