ದೆಹಲಿ–ಷಿಕಾಗೋ ನಡುವೆ ಹೊಗೆಸೊಪ್ಪಿನ ದಾರ

ನಾನು ರಾವಂದೂರಿನ ಹತ್ತಿರ ಟೀಚರಾಗಿದ್ದಾಗ ಶಾಲೆ ತನಿಖೆಗೆ ಒಬ್ಬ ಸಾಹೇಬರು ಬಂದರು. ದೆಹಲಿಯಿಂದ ಷಿಕಾಗೋಗೆ ಹಾರುವ ವಿಮಾನಕ್ಕೆ ಉತ್ತರ ಧ್ರುವದ ಕಡೆಯ ದಾರಿಯೇ ಹತ್ತಿರ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಅವರು ಗೋಡೆಯ ನಕ್ಷೆಗೆ ಸ್ಕೇಲ್ ಹಿಡಿದು, "ಯುರೋಪಿನ ಮೇಲೆ ನೆಟ್ಟಗೆ ದಾರಿ ಇದೆಯಲ್ರೀ, ಅಷ್ಟು ಮೇಲೆ ಹತ್ತಿ ಇಳಿಯೋದ್ಯಾಕೆ? ಅಳಿಸಿ ಅದನ್ನ," ಎಂದರು.

"ಅಳಿಸಲ್ಲ ಸಾರ್. ಭೂಮಿ ಗೋಡೆ ಥರ ಚಪ್ಪಟೆ ಇಲ್ಲ," ಎಂದು ಗ್ಲೋಬ್ ತಂದು ಅವರ ಮುಂದಿಟ್ಟೆ.

ಅಳೆಯಲು ದಾರ ಬೇಕಿತ್ತು. ಹೊಗೆಸೊಪ್ಪು ಬೆಳೆಯುವ ನಮ್ಮ ಕಡೆ ದಾರಕ್ಕೇನು ಬರ? ಬಿಸಿಯೂಟದ ಪುಟ್ಟಮ್ಮ ಬೆಳಿಗ್ಗೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ದಾರ ತೆಗೆದುಕೊಟ್ಟಳು. ಸಾಹೇಬರು ಅದನ್ನು ತಮ್ಮ ಯುರೋಪಿನ ದಾರಿಯಲ್ಲೇ ಹಾಸಿ, ಎರಡೂ ಊರಿನ ಮೇಲೆ ಬೆರಳಿಟ್ಟು ಹಿಡಿದರು.

"ಸಡ್ಲ ಬುಡಬ್ಯಾಡಿ ಸ್ವಾಮಿ," ಎಂದಳು ಪುಟ್ಟಮ್ಮ. "ಸಡ್ಲ ಕಟ್ಟುದ್ರೆ ಬ್ಯಾರನ್ ಮನೆ ಒಳಗೆ ಬೆಂಕಿ ಕಾವಿಗೆ ಬೇಯೋವಾಗ ಸೊಪ್ಪೆಲ್ಲಾ ಉದುರೋಯ್ತದೆ. ಬಿಗಿಯಾಗಿ ಎಳೀರಿ."

ಎಳೆದರು. ದಾರ ತಾನೇ ಮೇಲಕ್ಕೆ ಜಾರಿ ಧ್ರುವದ ಪಕ್ಕ ಹೋಗಿ ಕೂತಿತು. ಸಾಹೇಬರ ಕೈಯಲ್ಲಿ ನಾಲ್ಕು ಬೆರಳು ದಾರ ಮಿಕ್ಕಿತು.

"ಏನೇ ಆಗ್ಲಿ, ಪುಸ್ತಕದಲ್ಲಿ ಹಂಗಿಲ್ಲ. ನಿಮಗೆ ಮೆಮೊ ಕೊಡ್ಬೇಕಾಗುತ್ತೆ," ಎಂದರು.

"ವಿಮಾನಕ್ಕೂ ಒಂದು ಕೊಡಿ ಸಾರ್," ಎಂದೆ.

ವಿಮಾನಕ್ಕೆ ಕೊಟ್ಟರೋ ಇಲ್ಲವೋ, ನನಗಂತೂ ಬಂತು. ಆ ಮಿಕ್ಕಿದ ನಾಲ್ಕು ಬೆರಳು ದಾರವನ್ನು ಕತ್ತರಿಸಿ, ಬಿಳಿ ಹಾಳೆಗೆ ಪಿನ್ ಮಾಡಿ, ಅದನ್ನೇ ಉತ್ತರವೆಂದು ಕಳಿಸಿದೆ. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಸಾಕ್ಷಿಗೆ ಪುಟ್ಟಮ್ಮನ ಹೆಬ್ಬೆಟ್ಟು.