ದೇವದಾಸನ ನೂರನೇ ದೇಶ

ಗೋನೆಗಂಡ್ಲದ ಜಂಬಪ್ಪ ಮೋಟಾರು ವೈಂಡಿಂಗ್ ಮಾಡಾಂವ. ಅಂಗಡಿ ಮಾಳಿಗಿ ಮ್ಯಾಲಿನ ಖೋಲಿಯಾಗ ಹ್ಯಾಮ್ ರೇಡಿಯೋ ಇಟ್ಟಾನ. ಸರ್ಕಾರದ ಲೈಸೆನ್ಸ್ ಐತಿ, ಅಲೆ ಹಿಡಿಯಾಕ ಎರಡು ಬಿದಿರಿಗೆ ಕಟ್ಟಿದ ತಂತಿ ಐತಿ. ಮೂವತ್ತು ವರ್ಷದಾಗ ನೂರಾ ಹನ್ನೆರಡು ದೇಶದ ಮಂದಿ ಕೂಡ ಮಾತಾಡ್ಯಾನ. ಮಾತಾಡಿದ್ದಕ್ಕ ಸಾಕ್ಷಿ ಅಂತ ಆ ಕಡೆಯವರು ಪೋಸ್ಟಿನಾಗ ಕಾರ್ಡು ಕಳಸ್ತಾರ. ನೂರು ದೇಶದ ಕಾರ್ಡು ಕೂಡಿದ್ರ ಆದೋನಿಯ ರೇಡಿಯೋ ಬಳಗ ಒಂದು ಪ್ರಶಸ್ತಿಪತ್ರ ಕೊಡತೈತಿ. ಅದು ಸಿಕ್ಕಿದ್ದು ಜಂಬಪ್ಪ ಒಬ್ಬಗ. ಕಾರ್ಡು ತಪಾಸಣಿ ಮಾಡೋ ಯಜಮಾನಿಕಿನೂ ಅವಂದ. ತಪ್ಪು ಕಂಡ್ರ ಕೆಂಪು ಪೆನ್ನಿಲೆ ಗೆರಿ ಎಳಿಯಾಂವ. ಎಳಿಯೋದ್ರಾಗ ಅವಗ ಒಂಥರಾ ರುಚಿ ಇತ್ತು, ಸುಳ್ಳು ಯಾಕ ಹೇಳಲಿ.

ಆದೋನಿಯ ದೇವದಾಸ್ ಅವನ ಹಳೇ ಗೆಣೆಯ. ಹೈಸ್ಕೂಲಿನಾಗ ಅಟೆಂಡರ್ ಆಗಿ ರಿಟೈರ್ ಆದಾಂವ. ತೊಂಬತ್ತೊಂಬತ್ತು ದೇಶಕ್ಕ ಬಂದು ನಿಂತಿದ್ದ. ಅಷ್ಟರಾಗ ಸಕ್ಕರಿ ಕಾಯಿಲೆ ಬಂದು ಬಲಗಾಲು ಮೊಳಕಾಲ ತನಕ ತಗದ್ರು. ಅದೇ ತಿಂಗಳು ಗಾಳಿಗೆ ಅವನ ಮಾಳಿಗಿ ತಂತಿ ಹರಕೊಂಡು ಬಿತ್ತು. ಹೆಂಡ್ತಿ ದಸ್ತಗಿರಮ್ಮ ಜಂಬಪ್ಪಗ ಮೂರು ಸಲ ಫೋನ್ ಮಾಡಿದ್ಲು.

“ಅಣ್ಣಾ, ಡಾಕ್ಟರು ಇನ್ನೆರಡು ತಿಂಗಳು ಅಂದಾರ. ಇವರಿಗೆ ಇನ್ನೊಂದಾ ದೇಶ ಐತಂತ. ಬಂದು ತಂತಿ ಕಟ್ಟಿಕೊಡ್ರಿ.”

“ಬರ್ತೀನಮ್ಮ, ಕೆಲಸದಾಗ ಅದೀನಿ.”

ಅರ್ಧ ತಾಸಿನ ಕೆಲಸ ರೀ. ಹೋಗಲಿಲ್ಲ ಪುಣ್ಯಾತ್ಮ. ದೇವದಾಸಂದು ನೂರಾದ್ರ ಬಳಗದಾಗ ಪತ್ರ ಇದ್ದಾವರು ಇಬ್ಬರಾಗ್ತಾರ. ಒಬ್ಬನಾ ಇರೋ ಸುಖ ಅವಗ ಹತ್ತಿಬಿಟ್ಟಿತ್ತು.

ಬಳಗದಾಗ ಲಕ್ಷ್ಮಿಕಾಂತ್ ಅಂತ ಹತ್ತಿ ವ್ಯಾಪಾರಿ ಒಬ್ಬಾಂವ. ಪತ್ತಿಕೊಂಡದ ಗುಡ್ಡದ ಮ್ಯಾಲೆ ರೇಡಿಯೋ ಇಟ್ಟು ಇಂಟರ್ನೆಟ್ಟಿಗೆ ಜೋಡಿಸಿದ್ದ. ಮನಿಯಾಗ ಕುಂತು ಫೋನಿಲೆ ಅದನ್ನ ನಡಸಬಹುದು. ಅವನಾ ಹೋಗಿ ದೇವದಾಸಗ ಕಲಿಸಿಕೊಟ್ಟ. ದೇವದಾಸ್ ಮಂಚದ ಮ್ಯಾಲೆ ಮಲಕೊಂಡಾ ಹನ್ನೊಂದು ದಿನ ಕೂಗಿ ಕೂಗಿ ಕಡೀಕೆ ಫಿಜಿ ದೇಶ ಹಿಡದ. ಅವರ ಕಾರ್ಡು ಬಂತು. ಅರ್ಜಿ ಬರಿಯೋ ಮುಂದ ಸುಮ್ಮನಿದ್ರ ಜಂಬಪ್ಪಗ ತಿಳೀತಿರಲಿಲ್ಲ. ಆದ್ರ ಆ ಮನುಷ್ಯ ತನ್ನ ಕೈಯಾರೆ ಬರದ: “ಇದೊಂದು ಮಾತ್ರ ಪತ್ತಿಕೊಂಡ ಗುಡ್ಡದ ರೇಡಿಯೋದಿಂದ.”

ತಂತಿ ಕಟ್ಟಾಕ ಪುರುಸೊತ್ತಿಲ್ಲದ ಜಂಬಪ್ಪ ಅರ್ಜಿ ಬಂದ ಮರುದಿನಾನ ಆದೋನಿ ಬಸ್ ಹತ್ತಿದ.

“ನಿಯಮ ಓದೀಯೋ ಇಲ್ಲೋ? ಸ್ವಂತ ರೇಡಿಯೋ, ಸ್ವಂತ ತಂತಿ.”

“ಮಾತಾಡಿದಾಂವ ನಾನಾ, ಜಂಬಣ್ಣ. ಕಿವಿ ನಂದು, ಬಾಯಿ ನಂದು.”

“ತಂತಿ ಯಾರ್ದು?”

ದೇವದಾಸ್ ಮಾಳಿಗಿ ಕಡೆ ನೋಡಿದ. ಜಂಬಪ್ಪ ಅವನ ಕಣ್ಣೆದುರಿಗೇ ಫಿಜಿ ಮ್ಯಾಲೆ ಕೆಂಪು ಗೆರಿ ಎಳದ. ದಸ್ತಗಿರಮ್ಮ ಕೊಟ್ಟ ಚಾ ಕುಡದು ಬಂದ.

ನಲವತ್ತು ದಿನಕ್ಕ ದೇವದಾಸ್ ತೀರಿಕೊಂಡ. ಭಾನುವಾರ ಮುಂಜಾನೆ ಬಳಗದವರೆಲ್ಲ ರೇಡಿಯೋದಾಗ ಕೂಡೋ ಪದ್ಧತಿ. ಸತ್ತಾವರ ಹೆಸರು ಓದೋದೂ ಜಂಬಪ್ಪನ ಕೆಲಸ. “ದೇವದಾಸ್, ಆದೋನಿ. ತೊಂಬತ್ತೊಂಬತ್ತು ದೇಶ,” ಅಂತ ಓದಿದ. ಓದಿ ಮುಂದಿನ ವಿಷಯಕ್ಕ ಹ್ವಾದ.

ಹದಿನೈದು ದಿನ ಬಿಟ್ಟು ದಸ್ತಗಿರಮ್ಮ ಅಂಗಡಿಗೆ ಬಂದ್ಲು. ಕಂಕಳಾಗ ಗಂಡ ರೇಡಿಯೋ ಲೆಕ್ಕ ಬರಕೋತಿದ್ದ ದಪ್ಪ ಪುಸ್ತಕ. ನಡುವಿನ ಹಾಳಿ ತಗದು ಟೇಬಲ್ ಮ್ಯಾಲಿಟ್ಲು. ಹಿಂದೊಮ್ಮೆ ಸಿಡಿಲು ಹೊಡದು ಜಂಬಪ್ಪನ ರೇಡಿಯೋ ಸುಟ್ಟಿತ್ತು. ಎರಡು ವರ್ಷ ಪ್ರತಿ ಭಾನುವಾರ ದೇವದಾಸನ ಮನಿಯಾಗ ಕುಂತು, ದೇವದಾಸನ ರೇಡಿಯೋದಾಗ, ದೇವದಾಸನ ತಂತಿಲೆ ಮಾತಾಡಿದ್ದ. ಒಂದೊಂದನ್ನೂ ಗೆಣೆಯ ತಾರೀಖು ಹಾಕಿ ಬರದಿದ್ದ. ನಲವತ್ತೊಂದು ದೇಶ. ಜಂಬಪ್ಪ ಅದನ್ನ ಮರ್ತಿರಲಿಲ್ಲ. ಅವ ಮರೆಯೋ ಜಾತಿ ಅಲ್ಲ.

“ಅದು ಬ್ಯಾರೆ ಮಾತಮ್ಮ. ನಾ ಖುದ್ದು ಬಂದು ಕುಂತಿದ್ದೆ.”

“ಹೌದಣ್ಣ. ನಡಕೊಂಡು ಬಂದ್ರಿ, ನಾ ಬಡದ ರೊಟ್ಟಿ ತಿಂದ್ರಿ. ಇವರಿಗೆ ಕಾಲಿರಲಿಲ್ಲ.”

ಆಕಿ ಅವನ ಜೇಬಿನ ಕೆಂಪು ಪೆನ್ನು ತಗದು, ಅದರ ಟೋಪಿ ಬಿಚ್ಚಿ, ಕೈಗೆ ಕೊಟ್ಲು.

“ಬಳಗಕ್ಕ ಹೇಳಾಕ ಬಂದಿಲ್ಲ. ನನ್ನ ಮುಂದ ಇವಕ್ಕೂ ಕೆಂಪು ಗೆರಿ ಹೊಡೀರಿ, ಸಾಕು.”

ನೂರಾ ಹನ್ನೆರಡರಾಗ ನಲವತ್ತೊಂದು ಹೋದ್ರ ಉಳಿಯೋದು ಎಪ್ಪತ್ತೊಂದು. ಜಂಬಪ್ಪನ ಕೈ ಏಳಲಿಲ್ಲ. ಆಕಿ ಮಧ್ಯಾಹ್ನ ಒಂದು ಗಂಟೆಯ ಬಸ್ ಬರೋ ತನಕ ನಿಂತಾ ಇದ್ಲು. “ಇಟ್ಕೊಳ್ರಿ. ಮನಸ್ಸಾದ ದಿನ ಹೊಡೀರಿ,” ಅಂದು ಪುಸ್ತಕ ಬಿಟ್ಟು ಹ್ವಾದ್ಲು.

ಅಂಗಡಿ ಹಿಂದ, ಕೆಟ್ಟ ಮೋಟಾರಿನ ಹಳೇ ವೈಂಡಿಂಗ್ ಬಿಚ್ಚಾಕ ಬೆಂಕಿ ಹಾಕಿದ್ದ. ಪುಸ್ತಕ ಹಿಡಕೊಂಡು ಅಲ್ಲಿಗೆ ಹ್ವಾದ. ಹಾಕೋಕಿಂತ ಮದಲು ಕಡೀ ಹಾಳಿ ತಿರುವಿದ. ನಡುಗೋ ಅಕ್ಷರದಾಗ ದೇವದಾಸ್ ಬರದಿದ್ದ: “ಫಿಜಿ. ನೂರಾತು. ಮದಲು ಜಂಬಣ್ಣಗ ಹೇಳಬೇಕು.”

ಜಂಬಪ್ಪ ಅದನ್ನ ಓದಿದ. ಓದಿನೂ ಪುಸ್ತಕ ಬೆಂಕಿಗೆ ಹಾಕಿದ.

ಪ್ರಶಸ್ತಿಪತ್ರ ಇನ್ನಾ ಗ್ವಾಡಿ ಮ್ಯಾಲೈತಿ.